ನಾಟಿ ಮಾಡಿದ ಮರುದಿನ

ಆಗಸ್ಟ್ ಹೊತ್ತಿಗೆ ಕೆ.ಆರ್. ನಗರದ ನಾಲೆಗಳಲ್ಲಿ ನೀರು ತುಂಬಿ ಹರಿಯುತ್ತದೆ. ಗದ್ದೆಗಳಲ್ಲಿ ಭತ್ತದ ನಾಟಿ. ಅದಕ್ಕೂ ಮುಂಚೆ, ಮೇ ತಿಂಗಳ ಮಳೆ ಬಿದ್ದೊಡನೆ, ಹುಣಸೂರು ಮತ್ತು ಪಿರಿಯಾಪಟ್ಟಣದ ಹೊಲಗಳಲ್ಲಿ ಹೊಗೆಸೊಪ್ಪಿನ ಸಸಿ ನೆಡುವ ಗಡಿಬಿಡಿ. ಎಚ್.ಡಿ. ಕೋಟೆಯ ಕಡೆ ರಾಗಿ ಪೈರನ್ನೂ ಒಟ್ಲಿನಿಂದ ಕಿತ್ತು ನೆಡುವವರಿದ್ದಾರೆ. ನಾಟಿಯ ದಿನದ ಗದ್ದೆಯನ್ನು ಎಲ್ಲರೂ ನೋಡಿದ್ದಾರೆ, ತೆನೆ ಬಾಗಿದ ಗದ್ದೆಯನ್ನೂ ನೋಡಿದ್ದಾರೆ. ಆದರೆ ನಾಟಿ ಮಾಡಿದ ಮರುದಿನದ ಗದ್ದೆಯನ್ನು ನಿಂತು ನೋಡುವವರು ಕಡಿಮೆ. ಅದು ನೋಡಲು ಅಂಥ ಚೆಂದವೇನಲ್ಲ. ಒಟ್ಲಿನಲ್ಲಿ ಹಸಿರಾಗಿ ನಿಂತಿದ್ದ ಪೈರು ತಲೆ ಬಾಗಿಸಿ, ತುದಿ ಹಳದಿಯಾಗಿ, ಮಿಸುಕಾಡದೆ ನಿಂತಿರುತ್ತದೆ. ಪೇಟೆಯಿಂದ ಬಂದ ನೆಂಟರು ಗಾಬರಿಯಾಗಿ, ‘ಏನ್ ಗೌಡ್ರೇ, ಎಲ್ಲಾ ಒಣಗೋಯ್ತಲ್ಲ!’ ಅನ್ನುತ್ತಾರೆ. ಗೌಡರು ಎಲೆ ಅಡಿಕೆ ಹಾಕಿಕೊಂಡು, ‘ಸುಮ್ನಿರಿ ಸ್ವಾಮಿ, ಬೇರು ಕಚ್ಕೊಳ್ಲಿ’ ಅನ್ನುತ್ತಾರೆ.

ಕಾರಣ ಸರಳ. ಪೈರು ಕೀಳುವಾಗ ಬೇರಿನ ತುದಿಯ ನವಿರಾದ ರೋಮಗಳು ಹರಿದುಹೋಗುತ್ತವೆ. ನೀರು ಹೀರುವ ಕೆಲಸ ಆ ರೋಮಗಳದ್ದು. ಅತ್ತ ಎಲೆಗಳು ಎಂದಿನಂತೆ ನೀರನ್ನು ಆವಿ ಮಾಡಿ ಗಾಳಿಗೆ ಬಿಡುತ್ತಲೇ ಇರುತ್ತವೆ. ವರಮಾನ ನಿಂತಿದೆ, ಖರ್ಚು ನಿಂತಿಲ್ಲ. ಹಾಗಾಗಿ ಬಾಡು. ಹೊಸ ಬೇರು ಒಡೆಯಲು ವಾರ, ಹತ್ತು ದಿನ ಬೇಕು. ಆ ಹತ್ತು ದಿನ ರೈತ ಮಾಡಬೇಕಾದ್ದು ಎರಡೇ: ನೀರು ನೋಡಿಕೊಳ್ಳುವುದು, ಪೈರನ್ನು ಕೀಳದಿರುವುದು. ಎರಡನೆಯದೇ ಕಷ್ಟದ ಕೆಲಸ.

ಮನುಷ್ಯನನ್ನೂ ಕೆಲವೊಮ್ಮೆ ಹೀಗೆ ಕಿತ್ತು ನೆಡಬೇಕಾಗುತ್ತದೆ. ಅದಕ್ಕೊಂದು ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆಯ ಮೇಲೆ ಹೋಗುವ ಹೆದ್ದಾರಿ ಕಾವೇರಿಯ ಸೇತುವೆ ದಾಟಿದೊಡನೆ ಕೊಡಗು. ಆ ಕೊಡಗಿನ ಮನೆತನದ ಹುಡುಗ ರಾಬಿನ್ ಉತ್ತಪ್ಪ. ತಂದೆ ವೇಣು ಉತ್ತಪ್ಪ ಹಾಕಿ ಅಂಪೈರ್ ಆಗಿದ್ದವರು. ಹಾಕಿಯ ನಾಡಿನಿಂದ ಬಂದ ಮಗ ಹಿಡಿದದ್ದು ಕ್ರಿಕೆಟ್ ಬ್ಯಾಟು.

ಬೆಳಕಿನ ದಿನಗಳು

2006ರ ಏಪ್ರಿಲ್ 15. ಇಂದೋರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಏಕದಿನ ಪಂದ್ಯ. ಇಪ್ಪತ್ತು ವರ್ಷದ ಉತ್ತಪ್ಪ ಭಾರತದ ಪರ ಮೊದಲ ಸಲ ಆಡಲಿಳಿದು 86 ರನ್ ಹೊಡೆದರು. ಆವರೆಗೆ ಮೊದಲ ಏಕದಿನ ಪಂದ್ಯದಲ್ಲಿ ಭಾರತೀಯನೊಬ್ಬನ ಅತಿ ಹೆಚ್ಚಿನ ರನ್ 82. ಅದನ್ನು ಹೊಡೆದಿದ್ದವರು ಬ್ರಿಜೇಶ್ ಪಟೇಲ್, 1974ರಲ್ಲಿ ಭಾರತ ಆಡಿದ ಮೊಟ್ಟಮೊದಲ ಏಕದಿನ ಪಂದ್ಯದಲ್ಲಿ. ಉತ್ತಪ್ಪ ಅದನ್ನು ದಾಟಿದರು. ಅವರ 86ನ್ನು 2016ರಲ್ಲಿ ದಾಟಿದವರು ಶತಕ ಹೊಡೆದ ಕೆ.ಎಲ್. ರಾಹುಲ್. ಮೂವರೂ ಕರ್ನಾಟಕದವರು ಎಂಬುದು ನೆನಪಿಡಬೇಕಾದ ಸಂಗತಿ.

2007ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಆಫ್ರಿಕದಲ್ಲಿ ನಡೆದ ಮೊದಲ ಟ್ವೆಂಟಿ-20 ವಿಶ್ವಕಪ್ ಅನ್ನು ಟಿ.ವಿ. ಮುಂದೆ ಕುಳಿತು ನೋಡಿದವರಿಗೆ ಡರ್ಬನ್ನಿನ ಆ ರಾತ್ರಿ ಮರೆತಿರಲಾರದು. ಪಾಕಿಸ್ತಾನದ ವಿರುದ್ಧ ಭಾರತ ಬೇಗನೆ ವಿಕೆಟ್ ಕಳೆದುಕೊಂಡು ತತ್ತರಿಸಿದಾಗ ಅರ್ಧಶತಕ ಹೊಡೆದು ನಿಲ್ಲಿಸಿದವರು ಉತ್ತಪ್ಪ. ಪಂದ್ಯ ಸಮವಾಯಿತು. ಕೊನೆಗೆ ಬ್ಯಾಟ್ಸ್‌ಮನ್ ಇಲ್ಲದ ಬರೀ ಸ್ಟಂಪಿಗೆ ಚೆಂಡೆಸೆದು ಗೆಲ್ಲಬೇಕಾದ ಪರಿಸ್ಥಿತಿ. ಸೆಹ್ವಾಗ್, ಹರ್ಭಜನ್ ಹೊಡೆದರು. ಬೌಲರೇ ಅಲ್ಲದ ಉತ್ತಪ್ಪ ಕೂಡ ಸ್ಟಂಪಿಗೆ ಹೊಡೆದು, ಟೋಪಿ ತೆಗೆದು ತಲೆ ಬಾಗಿದರು. ಹತ್ತು ದಿನದ ಮೇಲೆ ಭಾರತ ವಿಶ್ವಕಪ್ ಗೆದ್ದಿತು.

ಆಗ ಅವರ ಆಟದಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು ಒಂದು ವಿಶೇಷ. ವೇಗದ ಬೌಲರ್ ಚೆಂಡೆಸೆಯುವ ಹೊತ್ತಿಗೆ ಕ್ರೀಸ್ ಬಿಟ್ಟು ಮುಂದಕ್ಕೆ ನಡೆದು ಬರುವುದು. ಸ್ಪಿನ್ನರಿಗೆ ಹೀಗೆ ಮಾಡುವವರು ಬಹಳ; ವೇಗದವರಿಗೆ ಮಾಡಲು ಗುಂಡಿಗೆ ಬೇಕು. ಹುಣಸೂರಿನ ಬಯಲಲ್ಲಿ ಟೆನಿಸ್ ಚೆಂಡಿನಲ್ಲಿ ಆಡುವ ಹುಡುಗರೂ ಆ ದಿನಗಳಲ್ಲಿ ಎರಡು ಹೆಜ್ಜೆ ಮುಂದೆ ನಡೆದು ಬೀಸಿ, ಕ್ಲೀನ್ ಬೌಲ್ಡ್ ಆಗಿ ಬೈಸಿಕೊಂಡಿರಲು ಸಾಕು.

ಅರ್ಧ ಸೆಕೆಂಡಿನ ಲೆಕ್ಕ

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಪಿಚ್‌ನ ಉದ್ದ 22 ಗಜ, ಅಂದರೆ 20.12 ಮೀಟರ್. ಎರಡೂ ಕಡೆ ಸ್ಟಂಪಿನಿಂದ ಕ್ರೀಸಿಗೆ ಇರುವ 1.22 ಮೀಟರ್ ಕಳೆದರೆ, ಬೌಲರನ ಕೈಯಿಂದ ಬ್ಯಾಟಿನವರೆಗೆ ಸುಮಾರು 17.7 ಮೀಟರ್. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರ್ ಹೋಗುತ್ತದೆ. ಪಿಚ್‌ಗೆ ಬಿದ್ದು ವೇಗ ಸ್ವಲ್ಪ ಕುಗ್ಗುವುದನ್ನೂ ಸೇರಿಸಿದರೆ ಬ್ಯಾಟ್ಸ್‌ಮನ್‌ಗೆ ಸಿಗುವುದು ಹೆಚ್ಚುಕಡಿಮೆ ಅರ್ಧ ಸೆಕೆಂಡು. ಕಣ್ಣು ಕಂಡದ್ದನ್ನು ಮೆದುಳು ಗ್ರಹಿಸಿ ಕೈಗೆ ಅಪ್ಪಣೆ ಕೊಡಲು ಅದರಲ್ಲಿ ಸುಮಾರು 0.2 ಸೆಕೆಂಡು ಹೋಗುತ್ತದೆ. ಉಳಿದ ಚೂರಿನಲ್ಲಿ ಕಾಲಿಡಬೇಕು, ಬ್ಯಾಟು ತರಬೇಕು.

ಎರಡು ಮೀಟರ್ ಮುಂದೆ ನಡೆದು ಬಂದವನು ಆ ಅರ್ಧ ಸೆಕೆಂಡಿನಿಂದ ಇನ್ನೂ 0.05 ಸೆಕೆಂಡನ್ನು ತಾನೇ ಬಿಟ್ಟುಕೊಡುತ್ತಾನೆ. ಜೊತೆಗೆ, ನಡೆಯುವಾಗ ತಲೆ ಅಲುಗುತ್ತದೆ. ತಲೆ ಅಲುಗಿದರೆ ಕಣ್ಣಿನ ಅಂದಾಜು ತಪ್ಪುತ್ತದೆ. ಲಾಭವೂ ಇಲ್ಲದಿಲ್ಲ. ಬೌಲರನ ಲೆಂಗ್ತ್ ಕೆಡುತ್ತದೆ, ಚೆಂಡು ತಿರುಗುವ ಮುಂಚೆಯೇ ಸಿಗುತ್ತದೆ. ಹೊಸಬನಾಗಿದ್ದಾಗ, ಬೌಲರು ತಬ್ಬಿಬ್ಬಾಗಿರುವಾಗ, ಲಾಭವೇ ಹೆಚ್ಚು. ಆದರೆ ಈ ಆಟದಲ್ಲಿ ಗುಟ್ಟು ಬಹಳ ದಿನ ಉಳಿಯುವುದಿಲ್ಲ. ಬೌಲರುಗಳು ಟಿ.ವಿ. ಚಿತ್ರ ನೋಡಿ ಮನೆಪಾಠ ಮಾಡಿಕೊಂಡು ಬರುತ್ತಾರೆ. ಚೆಂಡು ಗಿಡ್ಡವಾಗಿ ಬೀಳುತ್ತದೆ, ಇಲ್ಲವೇ ದೂರ ಬೀಳುತ್ತದೆ. ಎಲ್ಲರೂ ಕೊಂಡಾಡಿದ ಹೆಜ್ಜೆಯೇ ಆಗ ಔಟಾಗುವ ದಾರಿಯಾಗುತ್ತದೆ.

2008ರ ನಡುವಿನಲ್ಲಿ ಉತ್ತಪ್ಪ ಭಾರತದ ಏಕದಿನ ತಂಡದಿಂದ ಹೊರಬಿದ್ದರು. ಐಪಿಎಲ್‌ನಲ್ಲಿ ಮೊದಲ ವರ್ಷ ಮುಂಬೈ, ಮರುವರ್ಷ ಬೆಂಗಳೂರು, 2011ರಿಂದ ಪುಣೆ ಎಂದು ತಂಡದಿಂದ ತಂಡಕ್ಕೆ ಸಾಗಿದರು. ದುಡ್ಡಿಗೇನೂ ಕೊರತೆಯಿರಲಿಲ್ಲ. ಆದರೆ ‘ಆ ಹುಡುಗನ ಕಥೆ ಮುಗಿಯಿತು’ ಎನ್ನುವ ಮಾತು ಚಹಾ ಅಂಗಡಿಯಿಂದ ಹಿಡಿದು ಪತ್ರಿಕೆಯವರೆಗೆ ಓಡಾಡತೊಡಗಿತು. ಪ್ರತಿಭೆ ಇದೆ, ತಾಳ್ಮೆಯಿಲ್ಲ ಎಂಬ ತೀರ್ಪೂ ಬಂತು. ಇಪ್ಪತ್ಮೂರು ವರ್ಷದವನ ಮೇಲೆ ಇಂಥ ತೀರ್ಪು ಕೊಡುವುದು ಬಲು ಸುಲಭ.

ಒಳಗೆ ಏನಾಗುತ್ತಿತ್ತು ಎಂಬುದು ಹೊರಗೆ ಗೊತ್ತಾದದ್ದು ಬಹಳ ವರ್ಷದ ನಂತರ. 2009ರಿಂದ 2011ರವರೆಗೆ ತಾವು ಖಿನ್ನತೆಯಿಂದ ಬಳಲಿದ್ದಾಗಿಯೂ, ಬದುಕೇ ಬೇಡವೆಂಬ ಯೋಚನೆ ದಿನದಿನವೂ ಬರುತ್ತಿದ್ದಾಗಿಯೂ, ಡೈರಿ ಬರೆಯುತ್ತ, ಇತರರ ನೆರವು ಪಡೆದು ಅದರಿಂದ ಹೊರಬಂದದ್ದಾಗಿಯೂ 2020ರಲ್ಲಿ ಉತ್ತಪ್ಪ ಬಹಿರಂಗವಾಗಿ ಹೇಳಿದರು. ಗಂಡಸು, ಅದರಲ್ಲೂ ಆಟಗಾರ, ಇಂಥದ್ದನ್ನು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ಅಪರೂಪ. ಅವರ ರನ್ನುಗಳ ಲೆಕ್ಕದಲ್ಲಿ ಇದು ಸೇರುವುದಿಲ್ಲ. ಆದರೆ ಎಷ್ಟೋ ಮನೆಗಳಿಗೆ ಅವರ ರನ್ನುಗಳಿಗಿಂತ ಈ ಮಾತೇ ಹೆಚ್ಚು ಬೇಕಾಗಿತ್ತು.

ಕಿತ್ತು ನೆಟ್ಟವರು

ಇಂಥ ಸ್ಥಿತಿಯಲ್ಲಿ, ಇಪ್ಪತ್ತೈದು ಇಪ್ಪತ್ತಾರರ ವಯಸ್ಸಿನಲ್ಲಿ, ಉತ್ತಪ್ಪ ಒಂದು ನಿರ್ಧಾರಕ್ಕೆ ಬಂದರು. ತಮ್ಮ ಬ್ಯಾಟಿಂಗ್ ಕ್ರಮವನ್ನೇ ಬುಡದಿಂದ ಬದಲಿಸಬೇಕು. ಮನಸ್ಸಿನಲ್ಲಿದ್ದ ಗುರಿ ಟೆಸ್ಟ್ ಕ್ರಿಕೆಟ್. ಇದಕ್ಕೆ ಅವರು ಹೋದದ್ದು ಮುಂಬೈಯ ಪ್ರವೀಣ್ ಆಮ್ರೆಯವರ ಬಳಿ.

ಆಮ್ರೆ ಯಾರೆಂದು ಐವತ್ತು ದಾಟಿದ ಓದುಗರಿಗೆ ಹೇಳಬೇಕಾಗಿಲ್ಲ. ತೆಂಡೂಲ್ಕರ್, ಕಾಂಬ್ಳಿಯವರ ಗುರು ರಮಾಕಾಂತ ಆಚ್ರೇಕರರ ಶಿಷ್ಯ. 1992ರ ನವೆಂಬರ್‌ನಲ್ಲಿ ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಆಡಿದ ಮೊದಲ ಟೆಸ್ಟಿನಲ್ಲೇ 103 ರನ್ ಹೊಡೆದವರು. ಆದರೂ ಅವರಿಗೆ ಸಿಕ್ಕಿದ್ದು ಹನ್ನೊಂದೇ ಟೆಸ್ಟ್. ಸರಾಸರಿ ನಲವತ್ತಕ್ಕೂ ಮೇಲಿದ್ದರೂ 1993ರ ನಂತರ ಮತ್ತೆ ಟೆಸ್ಟಿಗೆ ಕರೆ ಬರಲಿಲ್ಲ. ಮುಂದೆ ಅವರು ತರಬೇತುದಾರರಾಗಿ ಮುಂಬೈಗೆ ಮೂರು ಸಲ ರಣಜಿ ಟ್ರೋಫಿ ತಂದುಕೊಟ್ಟರು. ಅಜಿಂಕ್ಯ ರಹಾನೆ, ಶ್ರೇಯಸ್ ಅಯ್ಯರ್ ಮೊದಲಾದವರು ಅವರ ಕೈಯಲ್ಲಿ ತಿದ್ದಿಸಿಕೊಂಡವರು. ಬಿದ್ದವನ ನೋವು ಬಿದ್ದವನಿಗೇ ಗೊತ್ತು ಎನ್ನುವುದುಂಟು. ಒಳ್ಳೆಯ ತರಬೇತುದಾರರಲ್ಲಿ ಹಲವರು ಪೂರ್ತಿ ಅರಳುವ ಮೊದಲೇ ಆಟ ನಿಂತುಹೋದವರು ಎಂಬುದು ಆಕಸ್ಮಿಕ ಇರಲಾರದು.

ಬೆಳೆದ ಆಟಗಾರನ ಕ್ರಮ ಬದಲಿಸುವುದೆಂದರೆ ಏನು? ಹಳ್ಳಿಯವರಿಗೆ ಚೆನ್ನಾಗಿ ಅರ್ಥವಾಗುವ ಉದಾಹರಣೆಯೊಂದಿದೆ. ಹಳೆಯ ಬುಲೆಟ್ ಮೋಟಾರ್ ಸೈಕಲ್‌ಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇತ್ತು. ಅದನ್ನು ಇಪ್ಪತ್ತು ವರ್ಷ ಓಡಿಸಿದವರು ಹೀರೋ ಹೋಂಡಾ ಕೊಂಡಾಗ ಮೊದಲ ತಿಂಗಳು ಪಟ್ಟ ಪಾಡು ಅವರಿಗೇ ಗೊತ್ತು. ಖಾಲಿ ರಸ್ತೆಯಲ್ಲಿ ಎಲ್ಲ ಸರಿ. ಎದುರಿಗೆ ಎಮ್ಮೆ ಅಡ್ಡ ಬಂದಿತೋ, ಎಡಗಾಲು ಬ್ರೇಕು ಎಂದುಕೊಂಡು ಗೇರನ್ನು ಒತ್ತಿಬಿಡುತ್ತದೆ. ಬುದ್ಧಿಗೆ ಹೊಸದು ಗೊತ್ತಿದೆ, ಕಾಲಿಗೆ ಗೊತ್ತಿಲ್ಲ.

ದೇಹದ ಅಭ್ಯಾಸಗಳು ಬೇರೂರುವುದು ಹೀಗೆಯೇ. ಹೊಸ ಚಲನೆಯನ್ನು ಕಲಿಯುವಾಗ ಯೋಚಿಸುವ ಮುಮ್ಮೆದುಳು ಹೆಜ್ಜೆಹೆಜ್ಜೆಗೂ ದುಡಿಯುತ್ತದೆ. ಸಾವಿರ ಸಲ ಮಾಡಿದ ಮೇಲೆ ಆ ಕೆಲಸವನ್ನು ಮೆದುಳಿನ ಹಿಂದಿರುವ ಅನುಮಸ್ತಿಷ್ಕವೂ ಒಳಗಿನ ಇತರ ಭಾಗಗಳೂ ವಹಿಸಿಕೊಳ್ಳುತ್ತವೆ. ಆಗ ಯೋಚನೆಯೇ ಬೇಡ. ಹೊಸ ಅಭ್ಯಾಸ ಬಂತೆಂದು ಹಳೆಯದು ಅಳಿಸಿಹೋಗುವುದಿಲ್ಲ. ಹಳೆಯ ಗಾಡಿ ಜಾಡಿನ ಪಕ್ಕದಲ್ಲೇ ಹೊಸ ಜಾಡು ಬೀಳಬೇಕು. ಹೊಸದು ಆಳವಾಗುವವರೆಗೆ, ಅವಸರ ಬಂದಾಗಲೆಲ್ಲ ಚಕ್ರ ಹಳೆಯ ಜಾಡಿಗೇ ಇಳಿಯುತ್ತದೆ.

ಅರ್ಧ ಸೆಕೆಂಡಿನ ಆಟದಲ್ಲಿ ಇದರ ಅರ್ಥ ಭಯಂಕರ. ನಿಲುವು, ಬ್ಯಾಟು ಹಿಡಿಯುವ ಬಗೆ, ಬ್ಯಾಟು ಇಳಿದು ಬರುವ ದಾರಿ, ತಲೆಯ ಸ್ಥಿರತೆ, ಇವನ್ನೆಲ್ಲ ಬದಲಿಸಲು ಹೊರಟವನು ಕೆಲವು ತಿಂಗಳು ಹಳೆಯ ಆಟವನ್ನೂ ಆಡಲಾರ, ಹೊಸ ಆಟವನ್ನೂ ಆಡಲಾರ. ಯೋಚಿಸಿ ಆಡುವಷ್ಟು ಸಮಯವಿಲ್ಲ, ಯೋಚಿಸದೆ ಆಡುವಷ್ಟು ಅಭ್ಯಾಸವಾಗಿಲ್ಲ. ರನ್ನು ಇನ್ನೂ ಕಡಿಮೆಯಾಗುತ್ತದೆ. ನೋಡುವವರು, ‘ಮೊದಲೇ ಚೆನ್ನಾಗಿತ್ತಲ್ಲ, ಸುಮ್ಮನೆ ಕೆಡಿಸಿಕೊಂಡ’ ಅನ್ನುತ್ತಾರೆ. ಇದೇ ನಾಟಿ ಮಾಡಿದ ಮರುದಿನ.

ಈ ದಿನಗಳಲ್ಲಿ ತರಬೇತುದಾರನ ಕೆಲಸ ಬ್ಯಾಟು ತಿದ್ದುವುದಕ್ಕಿಂತ ದೊಡ್ಡದು. ಬಾಡುವುದು ಬೆಳೆಯುವುದರ ಒಂದು ಹಂತ ಎಂಬುದನ್ನು ಮೊದಲೇ ಹೇಳಿರಬೇಕು, ಬಾಡಿದಾಗ ಮತ್ತೆ ಹೇಳಬೇಕು. ಹೊರಗಿನವರ ನಾಲಿಗೆಯಿಂದ ಆಟಗಾರನನ್ನು ಕಾಯಬೇಕು. ನೆಟ್ಟ ಪೈರನ್ನು ಬೇರು ಬಂತೇ ಎಂದು ದಿನವೂ ಕಿತ್ತು ನೋಡಬಾರದು. ಆಮ್ರೆ ಮತ್ತು ಉತ್ತಪ್ಪ ಹೀಗೆ ತಿಂಗಳುಗಟ್ಟಲೆ ದುಡಿದರು. ಗಾಯನ ಕಚೇರಿಗೆ ಚಪ್ಪಾಳೆ ಇದೆ, ಬೆಳಗಿನ ಸಾಧಕಕ್ಕಿಲ್ಲ. ನೆಟ್ಸ್ ಅಭ್ಯಾಸಕ್ಕೂ ಅಷ್ಟೆ.

ಪೈರು ಹಿಡಿದುಕೊಂಡಿತು

ಫಲ ಕಾಣಿಸಿಕೊಂಡದ್ದು 2013-14ರಲ್ಲಿ. ವಿನಯ್ ಕುಮಾರ್ ನಾಯಕತ್ವ, ಜೆ. ಅರುಣ್ ಕುಮಾರ್ ತರಬೇತಿಯ ಕರ್ನಾಟಕ ತಂಡ ಆ ಋತುವಿನಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದಿತು. ಮುಂದಿನ ಋತುವಿನಲ್ಲೂ ಮೂರನ್ನೂ ಗೆದ್ದಿತು. ಎರಡರಲ್ಲೂ ಉತ್ತಪ್ಪ ತಂಡದ ಬೆನ್ನೆಲುಬಾಗಿದ್ದರು. 2014-15ರ ರಣಜಿಯಲ್ಲಿ 912 ರನ್ ಹೊಡೆದು ದೇಶಕ್ಕೇ ಮೊದಲಿಗರಾದರು. ನಾಲ್ಕು ದಿನದ ಪಂದ್ಯದಲ್ಲಿ, ಹೊಸ ಚೆಂಡಿನ ಮುಂದೆ ನಿಂತು ಗಳಿಸಿದ ರನ್ನುಗಳಿವು. ‘ತಾಳ್ಮೆಯಿಲ್ಲ’ ಎಂದವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿರಲಿಲ್ಲ.

ನಡುವೆ ಬಂದದ್ದು 2014ರ ಐಪಿಎಲ್. ಉತ್ತಪ್ಪ ಈಗ ಕೋಲ್ಕತ್ತ ತಂಡದಲ್ಲಿದ್ದರು. ತಂಡದ ಆರಂಭ ಹದಗೆಟ್ಟಿತ್ತು. ನಾಯಕ ಗೌತಮ್ ಗಂಭೀರ್ ಮೊದಲ ಮೂರು ಪಂದ್ಯಗಳಲ್ಲಿ ಸೊನ್ನೆ ಸುತ್ತಿದ್ದರು. ಕೆಲವು ಪಂದ್ಯಗಳಾದ ಮೇಲೆ ಉತ್ತಪ್ಪ ಅವರನ್ನು ಗಂಭೀರ್ ಜೊತೆಗೆ ಆರಂಭಿಕನಾಗಿ ಕಳಿಸಲಾಯಿತು. ಅಲ್ಲಿಂದ ಚಿತ್ರವೇ ಬದಲಾಯಿತು. ಕೊನೆಯ ಒಂಬತ್ತು ಪಂದ್ಯಗಳನ್ನು ಸತತವಾಗಿ ಗೆದ್ದ ಕೋಲ್ಕತ್ತ, ಜೂನ್ 1ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪ್ರಶಸ್ತಿ ಎತ್ತಿ ಹಿಡಿಯಿತು. ಉತ್ತಪ್ಪ ಗಳಿಸಿದ್ದು 660 ರನ್. ಆ ವರ್ಷ ಎಲ್ಲರಿಗಿಂತ ಹೆಚ್ಚು ರನ್ ಹೊಡೆದವರಿಗೆ ಸಲ್ಲುವ ಕಿತ್ತಳೆ ಟೋಪಿ ಅವರ ತಲೆಗೇರಿತು.

ಎರಡು ವಾರದ ಮೇಲೆ, ಬಾಂಗ್ಲಾದೇಶದ ಮೀರ್‌ಪುರದಲ್ಲಿ, ಆರು ವರ್ಷದ ಅಜ್ಞಾತವಾಸ ಮುಗಿಸಿ ಉತ್ತಪ್ಪ ಭಾರತದ ಏಕದಿನ ತಂಡಕ್ಕೆ ಮರಳಿದರು. ಜೊತೆಯಲ್ಲಿ ಆರಂಭಿಕನಾಗಿ ಇಳಿದವರು ರಹಾನೆ. ಇಬ್ಬರೂ ಅರ್ಧಶತಕ ಹೊಡೆದರು. ಒಂದೇ ಗುರುವಿನ ಕೈಯಲ್ಲಿ ತಿದ್ದಿಸಿಕೊಂಡ ಇಬ್ಬರು ಭಾರತದ ಇನಿಂಗ್ಸ್ ಆರಂಭಿಸಿದ ಆ ಹೊತ್ತು ಆಮ್ರೆಯವರಿಗೆ ಹೇಗನಿಸಿರಬಹುದು ಎಂಬುದನ್ನು ಊಹಿಸುವುದು ಯಾವ ಮೇಷ್ಟ್ರಿಗೂ ಕಷ್ಟವಲ್ಲ.

ಲೆಕ್ಕದ ಇನ್ನೊಂದು ಪುಟ

ಕಥೆ ಇಲ್ಲಿಗೆ ನಿಂತರೆ ಚೆಂದ. ಆದರೆ ಲೆಕ್ಕದ ಎರಡೂ ಪುಟ ತೋರಿಸುವುದು ನ್ಯಾಯ. ಯಾವ ಟೆಸ್ಟ್ ಕ್ಯಾಪಿಗಾಗಿ ಉತ್ತಪ್ಪ ಇಷ್ಟೆಲ್ಲ ಮಾಡಿದರೋ ಅದು ಅವರಿಗೆ ಕೊನೆಗೂ ಸಿಗಲಿಲ್ಲ. ಭಾರತದ ಪರ 46 ಏಕದಿನ, 13 ಟ್ವೆಂಟಿ-20 ಪಂದ್ಯ, ಅಷ್ಟೇ. 2015ರ ನಂತರ ಮತ್ತೆ ಕರೆ ಬರಲಿಲ್ಲ. ಕರ್ನಾಟಕ ಬಿಟ್ಟು ಸೌರಾಷ್ಟ್ರ, ಕೇರಳಗಳಿಗೆ ಆಡಿದರು. 2021ರಲ್ಲಿ ಚೆನ್ನೈ ತಂಡದೊಂದಿಗೆ ಮತ್ತೊಂದು ಐಪಿಎಲ್ ಗೆದ್ದರು. 2022ರ ಸೆಪ್ಟೆಂಬರ್‌ನಲ್ಲಿ ನಿವೃತ್ತರಾದರು.

ಇನ್ನೂ ಒಂದು ಮಾತಿದೆ. ಇಪ್ಪತ್ತೈದರ ವಯಸ್ಸಿನಲ್ಲಿ ಬ್ಯಾಟಿಂಗ್ ಕ್ರಮ ಬದಲಿಸಹೊರಟು ತಮ್ಮ ಸಹಜವಾದ ಆಕ್ರಮಣವನ್ನು ಕಳೆದುಕೊಂಡೆ ಎಂಬರ್ಥದಲ್ಲಿ ಉತ್ತಪ್ಪ ಅವರೇ ಮುಂದೆ ಹೇಳಿಕೊಂಡರು. ಹೊಸ ಆಟ ಅವರಿಗೆ 912 ರನ್ ಕೊಟ್ಟಿತು, ಕಿತ್ತಳೆ ಟೋಪಿ ಕೊಟ್ಟಿತು, ಮರಳಿ ಭಾರತದ ಅಂಗಿ ಕೊಟ್ಟಿತು. ಡರ್ಬನ್ನಿನ ಆ ಹುಡುಗನನ್ನು ಸ್ವಲ್ಪ ಕಿತ್ತುಕೊಂಡಿತು. ಬೆಳೆದ ಪೈರನ್ನು ತಡವಾಗಿ ನೆಟ್ಟರೆ ಬೇರೇನೋ ಹಿಡಿಯುತ್ತದೆ, ತೆಂಡೆ ಕಡಿಮೆಯಾಗುತ್ತದೆ. ಇದು ಭತ್ತ ಬೆಳೆಯುವ ಪ್ರತಿಯೊಬ್ಬನಿಗೂ ಗೊತ್ತು. ತಿದ್ದುವುದಿದ್ದರೆ ಎಳೆಯದರಲ್ಲಿ ತಿದ್ದಬೇಕು. ತಡವಾಗಿದ್ದರೆ, ಏನು ಬರುತ್ತದೆ, ಏನು ಹೋಗುತ್ತದೆ ಎಂಬ ಎರಡನ್ನೂ ಹೇಳಿಯೇ ತಿದ್ದಬೇಕು.

ದೂರದ ಅಮೆರಿಕದಲ್ಲೂ ಇಂಥದೇ ಕಥೆ ನಡೆದಿದೆ. ಅಲ್ಲಿಯ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೇ ಹಿಡಿದು ಎಸೆಯುತ್ತಾರೆ. ಎಲ್ಲಿಗೆ, ಯಾರಿಗೆ ಎಸೆಯಬೇಕೆಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕಾದವನು ಕ್ವಾರ್ಟರ್‌ಬ್ಯಾಕ್. ಗೆದ್ದರೂ ಅವನೇ, ಸೋತರೂ ಅವನೇ. ಸ್ಯಾಮ್ ಡಾರ್ನಲ್ಡ್ ಎಂಬಾತನನ್ನು 2018ರಲ್ಲಿ ನ್ಯೂಯಾರ್ಕಿನ ಜೆಟ್ಸ್ ತಂಡ ದೇಶದ ಹೊಸ ಆಟಗಾರರಲ್ಲಿ ಮೂರನೆಯವನಾಗಿ ಆರಿಸಿಕೊಂಡಿತು. ಮೂರು ವರ್ಷ ಎಡವಿದ, ಕೈಬಿಟ್ಟರು. ಮುಂದಿನ ತಂಡದಲ್ಲೂ ನೆಲೆ ನಿಲ್ಲಲಿಲ್ಲ. ಮೂರನೆಯ ತಂಡದಲ್ಲಿ ಬೆಂಚು ಕಾದ. 2024ರಲ್ಲಿ ಮಿನ್ನೆಸೋಟ ತಂಡ ಕರೆದಾಗಲೂ ಅವನು ಹೊಸ ಹುಡುಗನೊಬ್ಬ ಬೆಳೆಯುವವರೆಗಿನ ತಾತ್ಕಾಲಿಕ ವ್ಯವಸ್ಥೆ. ಆ ಹುಡುಗನ ಮಂಡಿಗೆ ಪೆಟ್ಟಾಯಿತು. ಡಾರ್ನಲ್ಡ್ ಇಳಿದ, 17 ಪಂದ್ಯಗಳಲ್ಲಿ ತಂಡ 14 ಗೆದ್ದಿತು. ಅಲ್ಲಿಯ ತರಬೇತುದಾರ ಕೆವಿನ್ ಓಕಾನೆಲ್ ತಾವೂ ಒಂದು ಕಾಲಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಬೆರಳೆಣಿಕೆಯ ಪಂದ್ಯವಾಡಿ ಮರೆಯಾದವರು. ಎಳೆಯ ಆಟಗಾರ ತಂಡವನ್ನು ಸೋಲಿಸುವ ಮೊದಲು ತಂಡಗಳೇ ಆಟಗಾರನನ್ನು ಸೋಲಿಸಿರುತ್ತವೆ ಎಂಬುದು ಅವರ ಅಭಿಪ್ರಾಯ. ಡರ್ಬನ್‌ನಲ್ಲಿ ಶತಕ ಹೊಡೆದೂ ಹನ್ನೊಂದೇ ಟೆಸ್ಟ್ ಆಡಿದ ಆಮ್ರೆಯವರಿಗೆ ಈ ಮಾತು ವಿವರಿಸಬೇಕಾಗಿಲ್ಲ.

ನಮ್ಮ ಬಯಲಿನಲ್ಲಿ

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಈ ಕಥೆಯಿಂದೇನು? ಇಲ್ಲಿ ಕೋಟಿಗಟ್ಟಲೆ ದುಡ್ಡಿನ ತಂಡಗಳಿಲ್ಲ ನಿಜ. ಹೋಬಳಿ ಮಟ್ಟದ ಪಂದ್ಯಾಟವಿದೆ, ತಾಲ್ಲೂಕು ಮಟ್ಟವಿದೆ, ಅಲ್ಲಿ ಗೆದ್ದವರಿಗೆ ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣವಿದೆ. ದಸರಾ ಕ್ರೀಡಾಕೂಟದ ಓಟದಲ್ಲಿ ನಾಲ್ಕನೆಯವಳಾದ ಹುಡುಗಿ ಬಸ್ಸಿನ ಕಿಟಕಿಗೆ ತಲೆಯಿಟ್ಟು ಕೋಟೆಗೆ ಮರಳುವಾಗ ಪಕ್ಕದಲ್ಲಿ ಕುಳಿತವರು ಏನು ಹೇಳುತ್ತಾರೆ ಎಂಬುದರ ಮೇಲೆ ಅವಳ ಮುಂದಿನ ವರ್ಷ ನಿಂತಿರುತ್ತದೆ. ‘ಸಾಕು ಬಿಡು, ಇನ್ನು ಓದಿನ ಕಡೆ ನೋಡು’ ಎಂದರೆ ಅಲ್ಲಿಗೆ ಮುಗಿಯಿತು.

ಇದೇ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನಿಂದ ಹೋದ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಆಡಿದರು. ಹಳ್ಳಿಯ ಶಾಲೆಯ ಅಂಗಳದಲ್ಲಿ ವರ್ಷಾನುಗಟ್ಟಲೆ ಸಂಜೆ ಸಂಜೆ ನಿಂತು ಆಡಿಸಿದ ಗುರು ಇಲ್ಲದಿದ್ದರೆ ಅದು ಆಗುವ ಮಾತಾಗಿರಲಿಲ್ಲ. ಬೇಕಾದದ್ದು ದೊಡ್ಡ ಕ್ರೀಡಾಂಗಣವಲ್ಲ, ಬಿಡದೆ ನಿಲ್ಲುವ ಒಬ್ಬ ಮನುಷ್ಯ.

ಮಕ್ಕಳನ್ನು ಆಡಿಸುವವರು, ಆಡಲು ಬಿಡುವ ತಂದೆ ತಾಯಿ, ನಾಲ್ಕು ಸಂಗತಿ ನೆನಪಿಟ್ಟರೆ ಸಾಕು. ಮೊದಲನೆಯದು, ತಿದ್ದುವ ಮುಂಚೆಯೇ ‘ಕೆಲವು ದಿನ ಆಟ ಕೆಡುತ್ತದೆ, ಹೆದರಬೇಡ’ ಎಂದು ಹೇಳುವುದು. ಬರಿಗಾಲಲ್ಲಿ ಓಡಿ ಬೆಳೆದ ಮಗುವಿಗೆ ಮುಳ್ಳಿನ ಶೂ ತೊಡಿಸಿದರೆ ಮೊದಮೊದಲು ಓಟ ನಿಧಾನವಾಗುವುದುಂಟು. ಅದನ್ನು ಮೊದಲೇ ಹೇಳಿದ್ದರೆ ಮಗು ಶೂ ಬಿಚ್ಚಿ ಎಸೆಯುವುದಿಲ್ಲ. ಎರಡನೆಯದು, ಒಂದು ಸಲಕ್ಕೆ ಒಂದನ್ನೇ ತಿದ್ದುವುದು. ಕೈ, ಕಾಲು, ತಲೆ ಎಲ್ಲಕ್ಕೂ ಒಟ್ಟಿಗೆ ಬುದ್ಧಿ ಹೇಳಿದರೆ ಮಗು ಕಲ್ಲಿನಂತೆ ನಿಂತುಬಿಡುತ್ತದೆ. ಮೂರನೆಯದು, ಪಂದ್ಯಾಟಕ್ಕೆ ಎರಡು ವಾರವಿರುವಾಗ ಬುಡ ಅಲ್ಲಾಡಿಸದಿರುವುದು. ಬದಲಾವಣೆಗೆ ಪಂದ್ಯಗಳಿಲ್ಲದ ತಿಂಗಳುಗಳಿವೆ. ನಾಲ್ಕನೆಯದು, ಗೆದ್ದಾಗಲಷ್ಟೇ ಬೆನ್ನು ತಟ್ಟದೆ, ದಿನದ ಅಭ್ಯಾಸ ತಪ್ಪದೆ ಮಾಡಿದಾಗಲೂ ಬೆನ್ನು ತಟ್ಟುವುದು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಆಟ ಕೆಟ್ಟಿರುವುದು ಬೇರೆ, ಮನಸ್ಸು ಕೆಟ್ಟಿರುವುದು ಬೇರೆ. ಹುಡುಗ ಊಟ ಬಿಟ್ಟು, ನಿದ್ದೆ ಬಿಟ್ಟು, ಯಾರೊಂದಿಗೂ ಮಾತಾಡದೆ ಕುಳಿತಿದ್ದರೆ ಅದಕ್ಕೆ ಮದ್ದು ಇನ್ನಷ್ಟು ಅಭ್ಯಾಸವಲ್ಲ, ಬೈಗುಳವಂತೂ ಅಲ್ಲ. ಪಕ್ಕದಲ್ಲಿ ಕುಳಿತು ಕೇಳಬೇಕು, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹಗಲಿರುಳೂ ಉಚಿತವಾಗಿ ದೊರೆಯುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ವಿಶ್ವಕಪ್ ಗೆದ್ದವರಿಗೇ ಇಂಥ ಕತ್ತಲು ಬಂದಿತ್ತು, ನೆರವು ಪಡೆದು ಹೊರಬಂದರು ಎಂಬುದನ್ನು ತಿಳಿದರೆ ನಮ್ಮ ಹುಡುಗರಿಗೆ ಬಾಯಿಬಿಡಲು ನಾಚಿಕೆ ಕಡಿಮೆಯಾದೀತು.

ಕೆ.ಆರ್. ನಗರದ ಆ ಗದ್ದೆಗೆ ಹತ್ತು ದಿನ ಬಿಟ್ಟು ಮತ್ತೆ ಹೋದರೆ, ಬಾಗಿದ್ದ ಪೈರು ತಲೆಯೆತ್ತಿರುತ್ತದೆ. ಅದೇ ನೆಂಟರು ಬದುವಿನ ಮೇಲೆ ನಿಂತು, ‘ಅರೆ, ಹಿಡ್ಕೊಂಡ್‌ಬಿಡ್ತಲ್ಲ!’ ಎಂದು ಅಚ್ಚರಿಪಡುತ್ತಾರೆ. ಗೌಡರಿಗೆ ಅಚ್ಚರಿಯೇನೂ ಇಲ್ಲ. ಅವರು ನೀರು ತಿರುಗಿಸಲು ಗುದ್ದಲಿ ಹಿಡಿದು ಆಗಲೇ ಮುಂದಿನ ಮಡಿಗೆ ಹೋಗಿರುತ್ತಾರೆ.